ಹುಲಿಗೆ ಪಶ್ಚಾತ್ತಾಪವಾಗುತ್ತದೆಂದು ಮಗಳಿಗೆ ಕಲಿಸಿದವರು ಯಾರು?



ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕು. 1996ರ ಬೇಸಿಗೆಯ ಒಂದು ಸಂಜೆ. ನಾನು ಆಗ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಎರಡು ವರ್ಷದ ಹಿಂದೆ ಬಿ.ಎ. ಮುಗಿಸಿ ಹೋಗಿದ್ದ ವಿದ್ಯಾರ್ಥಿನಿಯೊಬ್ಬಳು ಕಂಕುಳಲ್ಲಿ ಹೆಣ್ಣುಮಗು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಅಷ್ಟು ಸೆಖೆಯಲ್ಲೂ ಉದ್ದ ತೋಳಿನ ರವಿಕೆ ಹಾಕಿದ್ದಳು. ಕಾಫಿ ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗ ತೋಳು ಸರಿಯಿತು. ಮುಂಗೈ ಮೇಲೆ ಕಾದ ಸೌಟಿನ ಬರೆ. ಮದುವೆಯಲ್ಲಿ ಒಪ್ಪಿಕೊಂಡಿದ್ದ ಸ್ಕೂಟರ್ ಇನ್ನೂ ಬಂದಿರಲಿಲ್ಲವಂತೆ. "ಮೇಡಂ, ತವರಿಗೆ ಹೋದರೆ ಅಪ್ಪ ಮಾರನೆಯ ದಿನವೇ ವಾಪಸ್ ಬಸ್ಸು ಹತ್ತಿಸುತ್ತಾರೆ. ಇಲ್ಲೇ ಎಲ್ಲಾದರೂ ಕೆಲಸಕ್ಕೆ ಸೇರಿಕೊಳ್ಳಲಾ?" ಎಂದು ಕೇಳಿದಳು.

ನಾನು ಹೇಳಿದ್ದು ಇದು: "ನೋಡಮ್ಮ, ಮಗು ಇನ್ನೂ ಚಿಕ್ಕದು. ಸ್ವಲ್ಪ ತಾಳ್ಮೆಯಿಂದಿರು. ನಿನ್ನ ಒಳ್ಳೆಯತನ ಕಂಡು ಒಂದಲ್ಲ ಒಂದು ದಿನ ಅವರ ಮನಸ್ಸೂ ಕರಗುತ್ತದೆ."

ಅವಳು ತಲೆಯಾಡಿಸಿ, ಕಾಫಿ ಕುಡಿದು, ಏಳು ಗಂಟೆಯ ಬಸ್ಸಿಗೆ ಹೋದಳು. ನಾಲ್ಕು ತಿಂಗಳ ಮೇಲೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಸ್ಟೌ ಸಿಡಿದು ಗೃಹಿಣಿ ಸಾವು.

ನಾನು ಓದದವಳಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದದ್ದು ಗೊತ್ತಿತ್ತು. ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಂ 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಕಲಂ 1986ರಲ್ಲಿ ಸೇರಿದ್ದೂ ಗೊತ್ತಿತ್ತು. ಮಹಿಳಾ ಸಂಘಟನೆಗಳು ಬೀದಿಗಿಳಿದು ಹೋರಾಡಿ ಪಡೆದ ಕಲಂಗಳು ಅವು. ಇಷ್ಟೆಲ್ಲ ಗೊತ್ತಿದ್ದ ನನ್ನ ಬಾಯಿಂದ ಆ ಸಂಜೆ ಕಾನೂನು ಬರಲಿಲ್ಲ, "ಮನಸ್ಸು ಕರಗುತ್ತದೆ" ಎಂಬ ಮಾತು ಬಂತು. ಈ ಮಾತನ್ನು ನಾನು ಎಲ್ಲಿ ಕಲಿತೆ? ಎಂ.ಎ. ತರಗತಿಯಲ್ಲಂತೂ ಅಲ್ಲ. ಬಹಳ ವರ್ಷ ಯೋಚಿಸಿದ ಮೇಲೆ ಉತ್ತರ ಸಿಕ್ಕಿತು. ಅದನ್ನು ನಾನು ಕಲಿತದ್ದು ಏಳೆಂಟು ವರ್ಷದವಳಿದ್ದಾಗ, ಮಕ್ಕಳ ಪುಸ್ತಕಗಳಿಂದ. ಆ ಹುಡುಗಿಯೂ ಅದನ್ನು ಅಲ್ಲೇ ಕಲಿತಿದ್ದಳು. ಇಲ್ಲದಿದ್ದರೆ ಅಷ್ಟು ಸುಲಭವಾಗಿ ತಲೆಯಾಡಿಸುತ್ತಿರಲಿಲ್ಲ.

ಹಸು, ಹುಲಿ ಮತ್ತು ನೂರು ಕೊಂಬುಗಳು

ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಕನ್ನಡ ಹೆಂಗಸಿಲ್ಲ. ಗೋವಿನ ಹಾಡನ್ನು ಕೇಳಿ ನಾವೆಲ್ಲ ಅತ್ತವರೇ. ಹಸಿದ ಹುಲಿ ಹಸುವನ್ನು ಅಡ್ಡಗಟ್ಟುತ್ತದೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಹಸು ಮಾತು ಕೊಡುತ್ತದೆ. ಕೊಟ್ಟ ಮಾತಿನಂತೆ ತಿರುಗಿ ಹೋಗಿ ತನ್ನನ್ನು ತಿನ್ನೆಂದು ನಿಲ್ಲುತ್ತದೆ. ಅದರ ಸತ್ಯವನ್ನು ಕಂಡು ಹುಲಿಗೆ ಪಶ್ಚಾತ್ತಾಪವಾಗಿ ಅದೇ ಪ್ರಾಣ ಬಿಡುತ್ತದೆ.

ಸತ್ಯ ಹೇಳಬೇಕು ಎನ್ನುವುದರ ಬಗ್ಗೆ ನನ್ನ ತಕರಾರಿಲ್ಲ. ಹಾಡಿನ ಸೊಗಸಿನ ಬಗ್ಗೆಯೂ ಇಲ್ಲ. ಆದರೆ ಆ ಪಾಠ ಹೆಣ್ಣುಮಗುವಿನ ಮನಸ್ಸಿನಲ್ಲಿ ಏನಾಗಿ ಉಳಿಯುತ್ತದೆ ಎಂದು ಯಾರಾದರೂ ಕೇಳಿದ್ದಾರೆಯೇ? ನೀನು ಒಳ್ಳೆಯವಳಾಗಿದ್ದರೆ, ಕೊಲ್ಲಲು ಬಂದವನ ಮುಂದೆಯೇ ಹೋಗಿ ನಿಂತರೆ, ಅವನು ಬದಲಾಗುತ್ತಾನೆ. ಅವನು ಬದಲಾಗದಿದ್ದರೆ? ನಿನ್ನ ಒಳ್ಳೆಯತನವೇ ಕಡಿಮೆಯಾಯಿತು ಎಂದರ್ಥ. ಪ್ರತಿ ಏಟಿನ ನಂತರ ನಮ್ಮ ಹೆಣ್ಣುಮಕ್ಕಳು "ನಾನೇನು ತಪ್ಪು ಮಾಡಿದೆ?" ಎಂದು ತಮ್ಮನ್ನೇ ಕೇಳಿಕೊಳ್ಳುವುದು ಇದಕ್ಕೇ. ಹೊಡೆದವನು ಆ ಪ್ರಶ್ನೆ ಕೇಳಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಆ ಹಾಡಿನಲ್ಲಿ ಇನ್ನೊಂದು ಸಂಗತಿಯಿದೆ. ಪುಣ್ಯಕೋಟಿ ಒಂಟಿ ಹಸುವಲ್ಲ. ದೊಡ್ಡ ಮಂದೆಗೆ ಸೇರಿದ್ದು. ಸಾಯಲು ಹೊರಡುವ ಮೊದಲು ಅದು ಮಂದೆಯ ಬೇರೆ ಹಸುಗಳನ್ನು ಅಕ್ಕ, ಅಮ್ಮ ಎಂದು ಕರೆದು, ತನ್ನ ಕರುವನ್ನು ನೋಡಿಕೊಳ್ಳಿ ಎಂದು ಒಪ್ಪಿಸಿ ಹೋಗುತ್ತದೆ. ಅಷ್ಟು ಹಸುಗಳಲ್ಲಿ ಒಂದಾದರೂ "ನೀನೊಬ್ಬಳೇ ಯಾಕೆ ಹೋಗುತ್ತೀ? ನಾವೂ ಬರುತ್ತೇವೆ ನಡಿ" ಎನ್ನುವುದಿಲ್ಲ. ಐವತ್ತು ಹಸುಗಳಿದ್ದರೆ ನೂರು ಕೊಂಬು. ನೂರು ಕೊಂಬಿನ ಎದುರು ಒಂದು ಹುಲಿ ಏನು ಮಾಡೀತು? ಬೆಳಿಗ್ಗೆ ಹೆಸರು ಹಿಡಿದು ಕರೆದು ಹಾಲು ಕರೆದುಕೊಂಡ ಗೊಲ್ಲನಾದರೂ ಎಲ್ಲಿ ಹೋಗಿದ್ದ?

ಸಂಘದ ಅಕ್ಕಂದಿರೇ, ಈ ಪ್ರಶ್ನೆ ನಿಮಗೇ. ಪಕ್ಕದ ಮನೆಯ ಸೊಸೆಯ ಕೂಗು ರಾತ್ರಿ ಕೇಳಿಸಿದಾಗ ನಾವು ಏನು ಮಾಡುತ್ತೇವೆ? ಬೆಳಿಗ್ಗೆ ಅವಳ ಮಗುವನ್ನು ಕರೆದು ತಿಂಡಿ ಕೊಡುತ್ತೇವೆ. "ಪಾಪ" ಎನ್ನುತ್ತೇವೆ. ಅವಳು ಸತ್ತರೆ ಮಗುವನ್ನು ನೋಡಿಕೊಳ್ಳಲೂ ಸಿದ್ಧರಿದ್ದೇವೆ. ಅವಳ ಜೊತೆ ಬಾಗಿಲ ತನಕ ಹೋಗಿ ನಿಲ್ಲಲು ಮಾತ್ರ ಸಿದ್ಧರಿಲ್ಲ. ಮಂದೆಯ ಆ ಪಾಠವನ್ನೂ ನಾವು ಚಿಕ್ಕಂದಿನಲ್ಲೇ ಕಲಿತೆವು.

ಅರ್ಧ ರಾಜ್ಯ ಮತ್ತು ಮಗಳು

ಗಂಡುಮಕ್ಕಳ ವಿಷಯಕ್ಕೆ ಬನ್ನಿ. ನಮ್ಮ ಕಾಲದಲ್ಲಿ ಮನೆಮನೆಗೆ ಚಂದಮಾಮ ಬರುತ್ತಿತ್ತು. ಈಗ ಅದು ನಿಂತುಹೋಗಿದೆ, ಆದರೆ ಆ ಬಗೆಯ ಕಥೆಗಳು ನಿಂತಿಲ್ಲ. ಬಸ್ ನಿಲ್ದಾಣದಲ್ಲಿ ಮಾರುವ ತೆಳು ಪುಸ್ತಕಗಳಲ್ಲಿವೆ, ಮೊಬೈಲಿನ ಬೊಂಬೆ ಚಿತ್ರಗಳಲ್ಲಿವೆ. ಬಡ ಹುಡುಗನೊಬ್ಬ ರಾಕ್ಷಸನನ್ನು ಕೊಲ್ಲುತ್ತಾನೆ, ಇಲ್ಲವೇ ರಾಜನ ಒಗಟು ಬಿಡಿಸುತ್ತಾನೆ. ಕೊನೆಗೆ ರಾಜ ಸಂತೋಷಪಟ್ಟು ಏನು ಕೊಡುತ್ತಾನೆ? ಅರ್ಧ ರಾಜ್ಯ ಮತ್ತು ಮಗಳು.

ಈ ಮಾತನ್ನು ಎಷ್ಟು ಸಲ ಓದಿದ್ದೇವೆ! ಒಮ್ಮೆಯಾದರೂ ಬೆಚ್ಚಿಬಿದ್ದಿದ್ದೇವೆಯೇ? ರಾಜಕುಮಾರಿಯನ್ನು ಯಾರೂ ಕೇಳುವುದಿಲ್ಲ. ಅವಳಿಗೆ ಎಷ್ಟೋ ಕಥೆಗಳಲ್ಲಿ ಹೆಸರು ಕೂಡ ಇಲ್ಲ. ಆಸ್ತಿಯ ಜೊತೆಗೆ ಸೇರಿ ಬರುವ ಬಹುಮಾನ ಅವಳು. ಗಂಡಸು ಏನಾದರೂ ಸಾಧಿಸಿದರೆ ಅವನಿಗೆ ಹೆಣ್ಣೂ ಬರಬೇಕು, ಹೆಣ್ಣಿನ ಜೊತೆ ಆಸ್ತಿಯೂ ಬರಬೇಕು. ವರದಕ್ಷಿಣೆಯ ಮೊದಲ ಪಾಠ ಇದಲ್ಲದೆ ಇನ್ನೇನು? ಎಂಟು ವರ್ಷದ ಹುಡುಗ ಇದನ್ನು ಓದಿ ಮಲಗುತ್ತಾನೆ. ಇಪ್ಪತ್ತೆಂಟಕ್ಕೆ ಅವನಿಗೆ ಕೆಲಸ ಸಿಗುತ್ತದೆ. ಅವನು ರಾಕ್ಷಸನನ್ನೇನೂ ಕೊಂದಿಲ್ಲ, ಒಂದು ಪರೀಕ್ಷೆ ಪಾಸು ಮಾಡಿದ್ದಾನೆ ಅಷ್ಟೆ. ಆದರೂ ಅರ್ಧ ರಾಜ್ಯ ಬೇಕು. ಹೆಣ್ಣಿನ ತಂದೆ ರಾಜನಲ್ಲದ ಕಾರಣ ಅದು ಬೈಕು, ಕಾರು, ಸೈಟು, ಇಷ್ಟು ಗ್ರಾಂ ಚಿನ್ನ ಎಂದಾಗುತ್ತದೆ.

ಇಲ್ಲಿ ನಾವು ನಮ್ಮನ್ನೂ ಬಿಡಬಾರದು. ಎಷ್ಟು ಸಂಘಗಳಲ್ಲಿ "ಮಗಳ ಮದುವೆ ಖರ್ಚು" ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಸಾಲ ಕೊಟ್ಟಿದ್ದೇವೆ? ಅದರಲ್ಲಿ ಊಟಕ್ಕೆ ಎಷ್ಟು ಹೋಯಿತು, ಗಂಡಿನ ಕೈಗೆ ಎಷ್ಟು ಹೋಯಿತು ಎಂದು ಕೇಳಿದ್ದೇವೆಯೇ? ವಾರವಾರ ಹತ್ತು, ಇಪ್ಪತ್ತು ಎಂದು ಹೆಂಗಸರು ಕೂಡಿಟ್ಟ ದುಡ್ಡು ಹೆಣ್ಣಿನ ಬೆಲೆ ಇಳಿಸುವುದಕ್ಕೇ ಹೋಗುತ್ತಿದ್ದರೆ ಅದು ಯಾರ ಉಳಿತಾಯ?

ಮಾರಾಟವಾದವಳನ್ನು ಯಾರು ಕೇಳಿದರು?

ಹರಿಶ್ಚಂದ್ರನ ಕಥೆ ಸತ್ಯಕ್ಕೆ ಹೆಸರಾದದ್ದು. ಗಾಂಧೀಜಿ ಚಿಕ್ಕಂದಿನಲ್ಲಿ ಆ ನಾಟಕ ನೋಡಿ ಮನಸೋತದ್ದನ್ನು ಅವರೇ ಬರೆದುಕೊಂಡಿದ್ದಾರೆ. ಕನ್ನಡದಲ್ಲಿ ರಾಘವಾಂಕ ಆ ಕಥೆಯನ್ನು ಮಹಾಕಾವ್ಯ ಮಾಡಿದ. ಮಕ್ಕಳ ಪುಸ್ತಕದಲ್ಲಿ ಅದು ಹತ್ತು ಪುಟಕ್ಕೆ ಇಳಿಯುತ್ತದೆ. ಆ ಹತ್ತು ಪುಟದಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ: ಕಾಶಿಯ ಸಂತೆಯಲ್ಲಿ ಗಂಡ ನಿಂತು ಹೆಂಡತಿಯನ್ನು, ಮಗನನ್ನು ಮಾರುತ್ತಿದ್ದಾನೆ. ಮಾತು ಕೊಟ್ಟವನು ಅವನು, ಮಾರಾಟವಾದವಳು ಚಂದ್ರಮತಿ. ಅವನ ಸತ್ಯ ಉಳಿಯಿತು ಎಂದು ಪಾಠ ಮುಗಿಯುತ್ತದೆ. ಪಾಠದ ಕೊನೆಯಲ್ಲಿ "ಹರಿಶ್ಚಂದ್ರನ ಗುಣಗಳನ್ನು ವಿವರಿಸಿ" ಎಂಬ ಪ್ರಶ್ನೆ ಇರುತ್ತದೆ. "ಚಂದ್ರಮತಿಯನ್ನು ಮಾರುವ ಹಕ್ಕು ಅವನಿಗೆ ಇತ್ತೇ?" ಎಂಬ ಪ್ರಶ್ನೆಯನ್ನು ನಾನು ಎಲ್ಲೂ ಕಂಡಿಲ್ಲ.

ಸಾವಿತ್ರಿಯದೂ ಇದೇ ಗತಿ. ಮಹಾಭಾರತದ ಸಾವಿತ್ರಿ ಸಾಮಾನ್ಯಳಲ್ಲ. ತಾನೇ ರಥ ಹತ್ತಿ ದೇಶ ತಿರುಗಿ ತನ್ನ ಗಂಡನ್ನು ತಾನೇ ಆರಿಸಿಕೊಂಡವಳು. ಅವನಿಗೆ ಒಂದೇ ವರ್ಷ ಆಯುಸ್ಸು ಎಂದು ನಾರದ ಹೇಳಿದಾಗಲೂ ತನ್ನ ತೀರ್ಮಾನ ಬಿಡದವಳು. ಯಮನ ಎದುರು ನಿಂತು ಮಾತಿಗೆ ಮಾತು ಜೋಡಿಸಿ ವಾದ ಮಾಡಿ ಗೆದ್ದವಳು. ಇಂಥ ಬುದ್ಧಿವಂತೆಯಿಂದ ಮಕ್ಕಳ ಪುಸ್ತಕ ಉಳಿಸಿಕೊಂಡದ್ದು ಏನು? ಗಂಡನ ಪ್ರಾಣಕ್ಕಾಗಿ ಯಮನ ಹಿಂದೆ ಹೋದ ಪತಿವ್ರತೆ, ಅಷ್ಟೆ. ಅವಳ ಆಯ್ಕೆ ಬಿಟ್ಟುಹೋಯಿತು, ಅವಳ ವಾದ ಬಿಟ್ಟುಹೋಯಿತು, ಅವಳ ವ್ರತ ಮಾತ್ರ ಉಳಿಯಿತು. ಇದು ಯಾರ ಕೈಚಳಕ ಎಂದು ನಾವು ಕೇಳಲೇಬೇಕು.

ಕುದುರೆ ಇಲ್ಲದವಳ ಧೈರ್ಯ

ಧೈರ್ಯದ ಕಥೆಗಳೇ ಇಲ್ಲವೇ ಎಂದು ಕೇಳುತ್ತೀರಿ. ಇವೆ. ಕಿತ್ತೂರು ಚೆನ್ನಮ್ಮನ ಪುಸ್ತಕ ಓದದ ಮಕ್ಕಳಿಲ್ಲ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಸೈನ್ಯ ಕಂಪನಿ ಸರ್ಕಾರದ ಕಲೆಕ್ಟರ್ ಥ್ಯಾಕರೆಯನ್ನು ಮಣ್ಣುಗೂಡಿಸಿದ್ದು, ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡದ್ದು ನಮ್ಮ ಹೆಮ್ಮೆ. ಉಳ್ಳಾಲದ ಅಬ್ಬಕ್ಕ, ಚಿತ್ರದುರ್ಗದ ಓಬವ್ವ ಕೂಡ ಹಾಗೆಯೇ. ಆದರೆ ಗಮನಿಸಿ. ರಾಣಿಯ ಕೈಯಲ್ಲಿ ಕತ್ತಿ, ಕೆಳಗೆ ಕುದುರೆ, ಎದುರಿಗೆ ಹೊರಗಿನ ಶತ್ರು. ಓಬವ್ವ ರಾಣಿಯಲ್ಲ, ಕಾವಲುಗಾರನ ಹೆಂಡತಿ. ಅವಳ ಆಯುಧ ಅಡುಗೆಮನೆಯ ಒನಕೆ. ಆದರೆ ಅವಳ ಎದುರಿಗೂ ಇದ್ದದ್ದು ಹೈದರನ ಸೈನಿಕರೇ. ಕೋಟೆಯ ಹೊರಗಿನಿಂದ ಬಂದವರ ವಿರುದ್ಧ ಹೆಣ್ಣು ಎದ್ದರೆ ನಾವು ಪ್ರತಿಮೆ ಕಟ್ಟುತ್ತೇವೆ. ಮನೆಯ ಒಳಗಿನ ಹಿಂಸೆಯ ವಿರುದ್ಧ ಬಾಯಿ ತೆರೆದರೆ ಗಯ್ಯಾಳಿ ಎನ್ನುತ್ತೇವೆ.

ನಮ್ಮ ಹುಡುಗಿಯರಿಗೆ ಕುದುರೆ ಇಲ್ಲ. ಅವರಿಗೆ ಬೇಕಾದದ್ದು ಕುದುರೆ ಇಲ್ಲದವರ ಧೈರ್ಯದ ಕಥೆ. ಇತಿಹಾಸದಲ್ಲಿ ಅದಕ್ಕೇನು ಬರವೇ? ನಮ್ಮ ಪಕ್ಕದ ಮಹಾರಾಷ್ಟ್ರದಿಂದಲೇ ಎರಡು ಹೆಸರು ಹೇಳುತ್ತೇನೆ.

ರುಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ, ಮುಂಬೈಯಲ್ಲಿ. ಹನ್ನೊಂದನೆಯ ವಯಸ್ಸಿಗೆ ಮದುವೆ ಮಾಡಿದರು. ಅವಳು ತಾಯಿಯ ಮನೆಯಲ್ಲೇ ಉಳಿದು ಓದಿದಳು. 1884ರಲ್ಲಿ ಗಂಡ ದಾದಾಜಿ, ಹೆಂಡತಿ ತನ್ನ ಮನೆಗೆ ಬರಬೇಕೆಂದು ಕೋರ್ಟಿಗೆ ಹೋದ. ಬುದ್ಧಿ ತಿಳಿಯದ ವಯಸ್ಸಿನಲ್ಲಿ ತನ್ನ ಒಪ್ಪಿಗೆ ಇಲ್ಲದೆ ಆದ ಮದುವೆಗೆ ತಾನು ಬದ್ಧಳಲ್ಲ ಎಂದು ಅವಳು ನಿಂತಳು. ಮೊದಲ ನ್ಯಾಯಾಧೀಶರು ಅವಳ ಪರವಾಗಿ ತೀರ್ಪು ಕೊಟ್ಟರು. ಮೇಲ್ಮನವಿಯಾಯಿತು. 1887ರಲ್ಲಿ, ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳ ಸೆರೆವಾಸ ಎಂದು ಕೋರ್ಟು ಹೇಳಿತು. ಸೆರೆಮನೆಗೇ ಹೋಗುತ್ತೇನೆ ಎಂದಳು ರುಖ್ಮಾಬಾಯಿ. ಊರಿನ ದೊಡ್ಡ ದೊಡ್ಡ ಮುಖಂಡರು ಧರ್ಮ ಮುಳುಗಿತು ಎಂದು ಕೂಗಿದರು. ಅವಳು ಬಗ್ಗಲಿಲ್ಲ. 1888ರಲ್ಲಿ ಗಂಡ ಎರಡು ಸಾವಿರ ರೂಪಾಯಿ ತೆಗೆದುಕೊಂಡು ರಾಜಿಯಾದ. ಅವಳು ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದು ಸೂರತ್, ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಂಗಸರಿಗೆ ಔಷಧ ಕೊಟ್ಟಳು. ತೀರಿಕೊಂಡದ್ದು 1955ರಲ್ಲಿ, ತೊಂಬತ್ತು ದಾಟಿ. ಅವಳ ಮೊಕದ್ದಮೆ ಎಬ್ಬಿಸಿದ ಚರ್ಚೆಯ ಬೆನ್ನಿಗೇ 1891ರ ಸಮ್ಮತಿ ವಯಸ್ಸಿನ ಕಾಯ್ದೆ ಬಂತು.

ಹೆಂಗಸನ್ನು ಗಂಡನ ಮನೆಗೆ ಕಳಿಸು ಎಂದು ಕೋರ್ಟಿಗೆ ಹೋಗುವ ಅವಕಾಶ ಇಂದಿಗೂ 1955ರ ಹಿಂದೂ ವಿವಾಹ ಕಾಯ್ದೆಯ ಒಂಬತ್ತನೆಯ ಕಲಮಿನಲ್ಲಿದೆ. ಹಾಗಿರುವಾಗ ರುಖ್ಮಾಬಾಯಿಯ ಕಥೆ ಹಳೆಯದಾಯಿತೇ? ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ಶಾಲೆಯಲ್ಲಿ ಯಾರೂ ಅವಳ ಹೆಸರು ಹೇಳಲಿಲ್ಲ. ಹೇಳಿದ್ದರೆ ಆ ಸಂಜೆ ನನ್ನ ವಿದ್ಯಾರ್ಥಿನಿಗೆ ಪುಣ್ಯಕೋಟಿಯ ಬದಲು ರುಖ್ಮಾಬಾಯಿ ನೆನಪಾಗುತ್ತಿದ್ದಳೇನೋ.

ಸಾವಿತ್ರಿಬಾಯಿ ಫುಲೆ ಇನ್ನೊಬ್ಬರು. ಹುಟ್ಟಿದ್ದು 1831ರ ಜನವರಿ 3. ಒಂಬತ್ತಕ್ಕೇ ಮದುವೆ. ಗಂಡ ಜೋತಿಬಾ ಅಕ್ಷರ ಕಲಿಸಿದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಇಬ್ಬರೂ ಹೆಣ್ಣುಮಕ್ಕಳ ಶಾಲೆ ತೆರೆದರು. ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದರು. ಶಾಲೆಗೆ ಹೋಗಿ ಉಡಲು ಅವರು ಇನ್ನೊಂದು ಸೀರೆ ಜೊತೆಗಿಟ್ಟುಕೊಂಡು ಹೋಗುತ್ತಿದ್ದರಂತೆ. ಧೈರ್ಯ ಎಂದರೆ ಇದು, ಚೀಲದಲ್ಲಿ ಇನ್ನೊಂದು ಸೀರೆ. ನಾಳೆಯೂ ಸಗಣಿ ಬೀಳುತ್ತದೆ ಎಂದು ಗೊತ್ತು, ನಾಳೆಯೂ ಹೋಗುತ್ತೇನೆ ಎಂಬುದೂ ಗೊತ್ತು. ಫುಲೆ ದಂಪತಿಯ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ ತನ್ನ ಜನರ ಸಂಕಟದ ಬಗ್ಗೆ ಬರೆದ ಪ್ರಬಂಧ 1855ರಲ್ಲೇ ಅಚ್ಚಾಯಿತು. ಶಾಲೆಗೆ ಹೋಗುವ ದಲಿತ ಹುಡುಗಿ ತಾನು ಯಾರು, ತನ್ನವರಿಗೆ ಏನಾಗಿದೆ ಎಂದು ತಾನೇ ಬರೆದಳು! ತನ್ನತನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ?

ನಮ್ಮ ನಾಡಿನಲ್ಲೂ ಇದ್ದಾರೆ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬಾ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಮೂಲೆಯಲ್ಲಿ ಕೂರಬೇಕಾಗಿದ್ದ ಆ ಹುಡುಗಿ ಲೇಖನಿ ಹಿಡಿದಳು. ಕಾದಂಬರಿ ಬರೆದರು, ತಾವೇ ಪ್ರಕಟಿಸಿದರು, ಹೆಂಗಸರಿಗಾಗಿ ಪತ್ರಿಕೆ ನಡೆಸಿದರು. ಅವರ ಬರಹದಲ್ಲಿ ಪತಿವ್ರತೆಯ ಆದರ್ಶವೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರ ಬದುಕೇ ಮಕ್ಕಳಿಗೆ ದೊಡ್ಡ ಪಾಠ.

ಅಜ್ಜಿಯರಿಗೆ ಗೊತ್ತಿತ್ತು

ಪುಸ್ತಕದವರು ಮರೆತದ್ದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಎ.ಕೆ. ರಾಮಾನುಜನ್ ಅವರು ನಮ್ಮ ನಾಡಿನ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಕಥೆಯೊಂದಿದೆ. ಬಡ ತಾಯಿಯ ಕಷ್ಟ ನೋಡಲಾರದೆ ಮಗಳೊಬ್ಬಳು ಹೂವಿನ ಮರವಾಗುತ್ತಾಳೆ. ಒಂದು ಕೊಡ ನೀರು ಹಾಕಿದರೆ ಮರ, ಇನ್ನೊಂದು ಕೊಡ ಹಾಕಿದರೆ ಮತ್ತೆ ಹುಡುಗಿ. ಎಲೆ, ರೆಂಬೆ ಮುರಿಯದ ಹಾಗೆ ಹೂವು ಬಿಡಿಸಬೇಕು. ರಾಜನ ಮಗ ಅವಳನ್ನು ಮದುವೆಯಾಗುತ್ತಾನೆ. ನಾದಿನಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬಲವಂತದಿಂದ ಮರವಾಗಿಸುತ್ತಾಳೆ. ಗೆಳತಿಯರೆಲ್ಲ ಸೇರಿ ರೆಂಬೆ ಮುರಿದು ಹೂವು ಕೀಳುತ್ತಾರೆ. ಸರಿಯಾಗಿ ನೀರೂ ಹಾಕದೆ ಬಿಟ್ಟು ಹೋಗುತ್ತಾರೆ. ಕೈಯಿಲ್ಲದ, ಕಾಲಿಲ್ಲದ ಅರ್ಧ ದೇಹವಾಗಿ ಹುಡುಗಿ ಮೋರಿಯಲ್ಲಿ ಬೀಳುತ್ತಾಳೆ.

ಗಂಡನ ಮನೆಯಲ್ಲಿ ಹೆಣ್ಣಿಗೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವೇ? ನಿನ್ನಿಂದ ಹೂವು ಕೀಳುತ್ತಾರೆ, ರೆಂಬೆ ಮುರಿಯುತ್ತಾರೆ, ಜೋಪಾನ ಮಗಳೇ ಎಂದು ಅಜ್ಜಿಯರು ರಾತ್ರಿ ಊಟವಾದ ಮೇಲೆ ಎಚ್ಚರಿಸುತ್ತಿದ್ದರು. ಕಥೆಯ ಕೊನೆಯಲ್ಲಿ ಅವಳು ಮತ್ತೆ ಹುಡುಗಿಯಾಗುವುದು ತಾಳ್ಮೆಯಿಂದಲ್ಲ. ಮುರಿದ ರೆಂಬೆಗಳನ್ನು ಒಂದೊಂದಾಗಿ ಕೂಡಿಸಿ ನೀರು ಹಾಕಿದಾಗ. ಗಾಯ ಮಾಡಿದ್ದನ್ನು ಗಾಯ ಎಂದು ಒಪ್ಪಿಕೊಂಡು ಸರಿಪಡಿಸಿದಾಗ ಮಾತ್ರ. ಇಂಥ ಕಥೆಗಳನ್ನು ಬಿಟ್ಟು ನಾವು ಅಂಗಡಿಯಿಂದ ಏನು ತಂದೆವು? ಅಮ್ಮ ಒಲೆಯ ಮುಂದೆ, ಅಪ್ಪ ಪೇಪರ್ ಹಿಡಿದು ಕುರ್ಚಿಯ ಮೇಲೆ, ತಂಗಿ ಬೊಂಬೆಯ ಜೊತೆ, ಅಣ್ಣ ಚೆಂಡಿನ ಜೊತೆ. ಅದಕ್ಕೆ "ಸುಖೀ ಕುಟುಂಬ" ಎಂದು ಹೆಸರು. ಹೊಲದಲ್ಲಿ ಕಳೆ ಕೀಳುವ, ಬೀಡಿ ಕಟ್ಟುವ, ಗಾರ್ಮೆಂಟ್ಸ್‌ಗೆ ಹೋಗುವ ನಿಮ್ಮ ಮನೆಯ ಚಿತ್ರ ಅದರಲ್ಲಿ ಎಲ್ಲಿದೆ? ಗಂಡ ಬಿಟ್ಟ ಮೇಲೆ ಒಬ್ಬಳೇ ಮಕ್ಕಳನ್ನು ಸಾಕಿದವಳ ಮನೆ ಕುಟುಂಬವಲ್ಲವೇ?

"ಕಥೆಯಿಂದ ಸಂಸಾರ ಕೆಡುತ್ತದೆಯೇ?"

ನನಗೆ ಬರುವ ಆಕ್ಷೇಪಗಳು ಗೊತ್ತಿವೆ. ಮೊದಲನೆಯದು, ಕಥೆ ಕಥೆಯೇ, ಅದನ್ನು ಇಷ್ಟು ದೊಡ್ಡದು ಮಾಡಬೇಕೇ? ಹಾಗಿದ್ದರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹೇಳುವವರು ಯಾರು? ಮಕ್ಕಳಿಗೆ ಸತ್ಯ, ದೇಶಭಕ್ತಿ ಕಲಿಸಲು ಕಥೆ ಬೇಕು ಎನ್ನುತ್ತೀರಿ. ಅದೇ ಕಥೆ ಗುಲಾಮತನವನ್ನು ಕಲಿಸಲಾರದು ಎಂದರೆ ನಂಬಲು ಆಗುತ್ತದೆಯೇ?

ಎರಡನೆಯದು, ನೀವು ನಮ್ಮ ಸಂಸ್ಕೃತಿಯನ್ನು ಹಾಳುಮಾಡುತ್ತೀರಿ. ನಾನು ಯಾವ ಪುಸ್ತಕವನ್ನೂ ಸುಡಿ ಎನ್ನುತ್ತಿಲ್ಲ. ನಮ್ಮ ನಾಡಿನಲ್ಲಿ ಸುಟ್ಟದ್ದು ಹೆಣ್ಣುಮಕ್ಕಳನ್ನು, ಪುಸ್ತಕಗಳನ್ನಲ್ಲ. ಪುಣ್ಯಕೋಟಿಯನ್ನು ಹಾಡಿ, ಆದರೆ ಹಾಡಿದ ಮೇಲೆ ಮಗುವನ್ನು ಕೇಳಿ: ಬೇರೆ ಹಸುಗಳು ಏನು ಮಾಡಬಹುದಿತ್ತು? ಮಕ್ಕಳು ಕೊಡುವ ಉತ್ತರ ಕೇಳಿ ನೀವೇ ಬೆರಗಾಗುತ್ತೀರಿ. ನನ್ನ ಏಳು ವರ್ಷದ ಮೊಮ್ಮಗಳು "ಎಲ್ಲಾ ಸೇರಿ ಓಡಿಸಬೇಕಿತ್ತು ಅಜ್ಜಿ, ಅಷ್ಟೂ ಗೊತ್ತಾಗಲ್ವಾ ಅವಕ್ಕೆ?" ಎಂದಳು. ಅರವತ್ತು ದಾಟಿದ ನನಗೆ ಹೊಳೆದದ್ದು ಅವಳಿಗೆ ಒಂದು ಕ್ಷಣದಲ್ಲಿ ಹೊಳೆಯಿತು.

ಮೂರನೆಯದು, ಹೊಟ್ಟೆಪಾಡಿಗೇ ಕಷ್ಟ, ಪುಸ್ತಕಕ್ಕೆ ದುಡ್ಡೆಲ್ಲಿ? ಈ ಮಾತು ನಿಜವಾದದ್ದು, ಅದಕ್ಕೆ ಉತ್ತರವನ್ನೂ ಕೊಡಬೇಕು.

ಸಂಘದಲ್ಲಿ ನಾವು ಮಾಡಬಹುದಾದದ್ದು

ದುಡ್ಡಿಲ್ಲದೆಯೂ ಪುಸ್ತಕ ಸಿಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ 2020ರ ನವೆಂಬರ್‌ನಲ್ಲಿ "ಓದುವ ಬೆಳಕು" ಕಾರ್ಯಕ್ರಮ ಆರಂಭವಾಯಿತು, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ನಿಮ್ಮ ಊರಿನ ಗ್ರಂಥಾಲಯಕ್ಕೆ ಮಗಳನ್ನೂ ಮಗನನ್ನೂ ಕರೆದುಕೊಂಡು ಹೋಗಿ ಹೆಸರು ಬರೆಸಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕಡಿಮೆ ಬೆಲೆಗೆ ಮಕ್ಕಳ ಪುಸ್ತಕ ತರುತ್ತಿದೆ. 2015ರಿಂದ ಸ್ಟೋರಿವೀವರ್ ಎಂಬ ಹೆಸರಿನಲ್ಲಿ ಕನ್ನಡದ ಕಥೆಗಳನ್ನೂ ಮೊಬೈಲಿನಲ್ಲಿ ಉಚಿತವಾಗಿ ಕೊಡುತ್ತಿದೆ. ಜಪಾನಿನ ತೆತ್ಸುಕೋ ಕುರೊಯಾನಾಗಿ ಬರೆದ "ತೊತ್ತೋಚಾನ್" ಕನ್ನಡದಲ್ಲೂ ಬಂದಿದೆ. ತುಂಟಿಯೆಂದು ಒಂದು ಶಾಲೆ ಹೊರಗೆ ಹಾಕಿದ ಪುಟ್ಟ ಹುಡುಗಿಯ ಮಾತನ್ನು ಹೊಸ ಶಾಲೆಯ ಹೆಡ್‌ಮಾಸ್ತರರು ಮೊದಲ ದಿನವೇ ಗಂಟೆಗಟ್ಟಲೆ ಕೂತು ಕೇಳುತ್ತಾರೆ. ಒಂದು ಹೆಣ್ಣುಮಗುವಿನ ಮಾತನ್ನು ನಾವು ಯಾವತ್ತಾದರೂ ಒಂದು ಗಂಟೆ ಕೇಳಿದ್ದೇವೆಯೇ? ಮಹಿಳಾ ಚಳವಳಿಯ ನಮ್ಮ ಹಿರಿಯಕ್ಕ ಕಮಲಾ ಭಸೀನ್, 2021ರಲ್ಲಿ ತೀರಿಕೊಂಡವರು, ಹೆಣ್ಣು ಎಂದರೇನು, ಗಂಡು ಎಂದರೇನು ಎಂದು ಮಕ್ಕಳನ್ನೇ ಕೇಳುವ ಪುಟ್ಟ ಪುಸ್ತಕ ಬರೆದರು. ಅಂಥವನ್ನು ಹುಡುಕಿ ತರಿಸಿ.

ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಒಂದು ಮಕ್ಕಳ ಕಥೆ ಓದಿ. ಓದು ಬರದವರು ಬಾಯಲ್ಲಿ ಹೇಳಲಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಈ ಕಥೆಯಲ್ಲಿ ಹೆಣ್ಣಿಗೆ ಹೆಸರಿದೆಯೇ? ತೀರ್ಮಾನ ಮಾಡಿದವರು ಯಾರು? ನೋವು ತಿಂದವರು ಯಾರು? ಅಕ್ಷರ ಬರಲಿ ಬಾರದಿರಲಿ, ಈ ಮೂರು ಪ್ರಶ್ನೆಗೆ ಉತ್ತರ ಹೇಳಬಲ್ಲವರು ನೀವೇ. ಪುಸ್ತಕ ಬರೆದವರಿಗಿಂತ ಹೆಚ್ಚು ಬದುಕು ಕಂಡವರು ನೀವು.

ಮಗನಿಗೆ ಸಾವಿತ್ರಿಬಾಯಿಯ ಕಥೆ ಹೇಳಿ, ಜೋತಿಬಾನ ಕಥೆಯನ್ನೂ ಹೇಳಿ. ಹೆಂಡತಿಗೆ ಅಕ್ಷರ ಕಲಿಸಿ, ಅವಳಿಗಾಗಿ ಅಪ್ಪನ ಮನೆ ಬಿಟ್ಟು ಹೊರಬಂದ ಗಂಡಸೂ ಇತಿಹಾಸದಲ್ಲಿ ಇದ್ದಾನೆ ಎಂದು ಅವನಿಗೆ ಗೊತ್ತಾಗಲಿ. ಅರ್ಧ ರಾಜ್ಯ ಕೇಳದವನೂ ಶೂರನೇ ಎಂದು ತಿಳಿಯಲಿ.

ಕಥೆಯ ಜೊತೆಗೆ ಕಾನೂನನ್ನೂ ಹೇಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಗಸಿಗೆ ತಾನಿರುವ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಂಡನ ಮನೆಯವರ ಕ್ರೌರ್ಯಕ್ಕೆ 85 ಮತ್ತು 86ನೆಯ ಕಲಂ, ವರದಕ್ಷಿಣೆ ಸಾವಿಗೆ 80ನೆಯ ಕಲಂ. ಮಹಿಳಾ ಸಹಾಯವಾಣಿ 181, ಮಕ್ಕಳದು 1098. ಈ ನಂಬರುಗಳನ್ನು ಕಥೆ ಪುಸ್ತಕದ ಒಳರಟ್ಟಿನ ಮೇಲೆ ಮಗುವಿನ ಕೈಯಿಂದಲೇ ಬರೆಸಿ. ಬರೆದ ಕೈಗೆ ನೆನಪಿರುತ್ತದೆ.

ಅಂದು ಕಂಕುಳಲ್ಲಿ ಕೂತು ನನ್ನ ಮನೆಯ ಬಿಸ್ಕತ್ತು ಚೀಪುತ್ತಿದ್ದ ಆ ಮಗುವಿಗೆ ಈಗ ಮೂವತ್ತರ ಹತ್ತಿರ. ಎಲ್ಲಿದ್ದಾಳೋ, ಯಾರು ಸಾಕಿದರೋ ನಾನು ವಿಚಾರಿಸಲಿಲ್ಲ. ಅದೂ ನನ್ನ ತಪ್ಪೇ. ಅವಳ ತಾಯಿಗೆ ಹೇಳಬೇಕಾಗಿದ್ದ ಮಾತನ್ನು ಈಗ ನಿಮ್ಮೆಲ್ಲರ ಮಕ್ಕಳಿಗೆ ಹೇಳುತ್ತಿದ್ದೇನೆ. ಹುಲಿಯ ಮನಸ್ಸು ಕರಗುತ್ತದೆ ಎಂದು ಕಾಯಬೇಡ ಮಗಳೇ. ತಿರುಗಿ ಹೋಗಬೇಡ. ಮಂದೆಯನ್ನು ಕರೆ.

ಆ ಮಂದೆ ನಾವು. ಮುಂದಿನ ಸಭೆಗೆ ಬರುವಾಗ ಪಾಸ್‌ಬುಕ್ಕಿನ ಜೊತೆ ನಿಮ್ಮ ಮಗಳ ಚೀಲದಿಂದ ಒಂದು ಕಥೆ ಪುಸ್ತಕವನ್ನೂ ತನ್ನಿ. ಅದನ್ನು ತೆರೆದು ಎಲ್ಲರೂ ಸೇರಿ ಓದೋಣ.